ಕಾಯಿಲೆಯ ಮಾತು ಅರ್ಜಿಯಲ್ಲಿ ಇರಲಿ, ಚಿತ್ರದಲ್ಲಿ ಬೇಕಾದರೆ ಮಾತ್ರ

ಪ್ರಶ್ನೆ: ನಾನು ದಾವಣಗೆರೆಯವಳು, ದ್ವಿತೀಯ ಪಿಯುಸಿ. ನನಗೆ ಥಲಸ್ಸೆಮಿಯಾ ಮೇಜರ್ ಅನ್ನುವ ರಕ್ತದ ಕಾಯಿಲೆ ಇದೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ಡಿಸೈನ್ ಸಂಸ್ಥೆ) ಅಥವಾ ಐಐಟಿ ಬಾಂಬೆಯಲ್ಲಿ ಡಿಸೈನ್ ಓದುವ ಆಸೆ. ಕಾಯಿಲೆ ವಿಷಯ ಹೇಳಿದರೆ ಸೀಟು ಕೊಡಲ್ಲ, ಮುಚ್ಚಿಡು ಅಂತಾರೆ ಅಪ್ಪ. ಡ್ರಾಯಿಂಗ್ ಸರ್ ಮಾತ್ರ, ‘ಆ ಮಂಡಕ್ಕಿ ಭಟ್ಟಿ ಚಿತ್ರಗಳನ್ನು ಬಿಡು, ನಿನ್ನ ಆಸ್ಪತ್ರೆ ಕಷ್ಟ ಬಿಡಿಸು, ನೋಡಿದವರ ಮನಸ್ಸು ಕರಗುತ್ತೆ’ ಅಂತಾರೆ. ಅಂಗವಿಕಲರ ಕೋಟಾದಲ್ಲಿ ಹಾಕಿದರೆ ಬೇರೆಯವರ ಸೀಟು ಕಿತ್ತುಕೊಂಡ ಹಾಗಲ್ವಾ? ಅಮ್ಮನಿಗೆ ಹಾಸ್ಟೆಲ್ ಅಂದರೇ ಭಯ. ಏನು ಮಾಡಲಿ ಮೇಡಂ?

ಉತ್ತರ: ಅಪ್ಪ ಮುಚ್ಚಿಡು ಅಂತಾರೆ, ಸರ್ ತೋರಿಸು ಅಂತಾರೆ. ನನ್ನ ಪ್ರಕಾರ ಇಬ್ಬರೂ ತಪ್ಪು ಜಾಗದಲ್ಲಿ ಹೇಳುತ್ತಿದ್ದಾರೆ. ಕಾಯಿಲೆಯ ವಿಷಯ ಅರ್ಜಿಯಲ್ಲಿ ಇರಬೇಕು. ಚಿತ್ರದಲ್ಲಿ ಇರಲೇಬೇಕು ಅಂತೇನಿಲ್ಲ.

ಅಪ್ಪನ ಮಾತು ಮೊದಲು ನೋಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಪಟ್ಟಿ ಮಾಡಿದೆ. ಹಿಮೋಫಿಲಿಯಾ, ಸಿಕಲ್ ಸೆಲ್ ಜೊತೆಗೆ ಥಲಸ್ಸೆಮಿಯಾ ಕೂಡ ಅದರಲ್ಲಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟು ಮೀಸಲು, ವಯಸ್ಸಿನ ಮಿತಿಯಲ್ಲಿ ಐದು ವರ್ಷ ಸಡಿಲಿಕೆ. ಆದರೆ ಪಟ್ಟಿಯಲ್ಲಿ ಕಾಯಿಲೆಯ ಹೆಸರಿದ್ದರೆ ಸಾಲದು. ವೈದ್ಯರು ಪರೀಕ್ಷೆ ಮಾಡಿ ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಕೊಡಬೇಕು. ನಿಮಗೆ ಎಷ್ಟು ಕೊಡುತ್ತಾರೋ ಅದು ಅವರು ನೋಡಿ ಹೇಳಬೇಕಾದ್ದು. ಹಾಗಾಗಿ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ವಿಕಲಚೇತನರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಈಗಲೇ ಅರ್ಜಿ ಹಾಕಿ. ಪ್ರವೇಶ ಪರೀಕ್ಷೆಯ ಫಾರಂ ತುಂಬುವ ಹೊತ್ತಿಗೆ ಓಡಾಡಲು ಹೊರಟರೆ ಕಾರ್ಡ್ ಕೈಗೆ ಬರುವುದಿಲ್ಲ.

ಬೇರೆಯವರ ಸೀಟು ಕಿತ್ತುಕೊಂಡ ಹಾಗೆ ಅಂತ ಕೊರಗಬೇಡಿ. ಆ ಕೋಟಾದಲ್ಲಿ ಬರುವವರೂ ಅದೇ ಪರೀಕ್ಷೆ ಬರೆದು, ಅದೇ ಚಿತ್ರ ಬಿಡಿಸಿಯೇ ಒಳಗೆ ಹೋಗುವುದು. ಮೂರು ವಾರಕ್ಕೊಮ್ಮೆ ಒಂದಿಡೀ ದಿನ ಆಸ್ಪತ್ರೆಗೆ ಕೊಟ್ಟು ಪಿಯುಸಿ ಓದಿದವರು ನೀವು. ಆ ಲೆಕ್ಕ ಯಾರೂ ಹಾಕುವುದಿಲ್ಲ. ಹಾಕುವ ಒಂದು ಜಾಗದಲ್ಲೂ ನೀವೇ ಬೇಡ ಅಂದರೆ ಹೇಗೆ?

ಇನ್ನು ಸರ್ ಮಾತು. ಅವರ ಕಾಳಜಿ ನಿಜ, ಸಲಹೆ ಮಾತ್ರ ಒಪ್ಪುವಂಥದ್ದಲ್ಲ. ಎನ್‌ಐಡಿಯ ಪ್ರವೇಶ ಪರೀಕ್ಷೆ, ಡಿಸೈನ್ ಪದವಿಗೆ ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆ, ಎರಡರಲ್ಲೂ ಪರೀಕ್ಷಿಸುವುದು ನಿಮ್ಮ ಕಣ್ಣು, ಕೈ ಮತ್ತು ಯೋಚನೆ. ಎನ್‌ಐಡಿಯ ಎರಡನೇ ಹಂತದಲ್ಲಂತೂ ಅಲ್ಲೇ ಕೂತು ಮಾಡಿ ತೋರಿಸಬೇಕು. ಮನಸ್ಸು ಕರಗಿಸುವ ಕಥೆಗೆ ಅಲ್ಲಿ ಅಂಕ ಸಿಗುವುದು ಕಷ್ಟ. ಭಟ್ಟಿಯ ಹೊಗೆ, ಬೆವರಿದ ಬೆನ್ನು, ಮಂಡಕ್ಕಿ ಅರಳುವ ಕ್ಷಣ, ಇವನ್ನು ನೋಡಿ ನೋಡಿ ಬಿಡಿಸಿದ ಕೈ ನಿಮ್ಮದು. ಅದನ್ನು ಬಿಟ್ಟು ಸುಮ್ನೆ ಅಭ್ಯಾಸವಿಲ್ಲದ ಸಂಕಟ ಬಿಡಿಸಲು ಕೂತರೆ ಗೆರೆ ಸುಳ್ಳು ಹೇಳುತ್ತದೆ. ರಕ್ತದ ಬ್ಯಾಗು, ವಾರ್ಡಿನ ಕಿಟಕಿ ನಿಮಗೇ ಬಿಡಿಸಬೇಕು ಅನ್ನಿಸಿದರೆ ಖಂಡಿತ ಬಿಡಿಸಿ. ಯಾರನ್ನೋ ಅಳಿಸಲು ಬೇಡ.

ಪರೀಕ್ಷೆಗೆ ತಯಾರಾಗುವಾಗ ಬೇರೆ ಯಾವ ಕೋಚಿಂಗಿನವರೂ ಹೇಳದ ಒಂದು ಮಾತು. ಮುಂದಿನ ರಕ್ತ ಹಾಕಿಸುವ ದಿನ ಹತ್ತಿರ ಬಂದಂತೆ ಹಿಮೋಗ್ಲೋಬಿನ್ ಇಳಿದು ಸುಸ್ತಾಗುತ್ತದೆ, ಅದು ನಿಮಗೇ ಗೊತ್ತು. ಆ ವಾರದಲ್ಲೇ ಪರೀಕ್ಷೆ ಬಂದರೆ ಕೈ ಹೇಗೆ ಓಡುತ್ತದೆ? ದಿನಾಂಕ ಗೊತ್ತಾದ ಕೂಡಲೇ ನಿಮ್ಮ ಡಾಕ್ಟರಿಗೆ ತೋರಿಸಿ. ರಕ್ತ ಹಾಕುವುದನ್ನು ಪರೀಕ್ಷೆಗೆ ನಾಲ್ಕೈದು ದಿನ ಮುಂಚೆ ಇಟ್ಟುಕೊಳ್ಳಬಹುದಾ ಅಂತ ಕೇಳಿ. ಯುಸೀಡನ್ನು ಸತತ ಎರಡು ವರ್ಷ ಬರೆಯಬಹುದು. ಈ ಸಲ ಆರೋಗ್ಯ ಕೈಕೊಟ್ಟರೂ ಇನ್ನೊಂದು ಅವಕಾಶ ಇದೆ.

ಅಮ್ಮನ ಭಯಕ್ಕೆ ಧೈರ್ಯದ ಮಾತು ಸಾಲದು, ಏರ್ಪಾಡು ಬೇಕು. ಮುಂಬೈ, ಅಹಮದಾಬಾದ್ ಎರಡೂ ಊರಲ್ಲಿ ದೊಡ್ಡ ಆಸ್ಪತ್ರೆಗಳಿವೆ. ಗುಜರಾತಿನಲ್ಲಿ ಥಲಸ್ಸೆಮಿಯಾ ಹೊಸದಲ್ಲ, ಅಲ್ಲಿನ ಡಾಕ್ಟರುಗಳಿಗೆ ಇದು ದಿನನಿತ್ಯದ ಕೆಲಸ. ಯಾವ ಆಸ್ಪತ್ರೆ, ಹಾಸ್ಟೆಲಿನಿಂದ ಎಷ್ಟು ದೂರ, ರಕ್ತ ಯಾರು ಹೊಂದಿಸುತ್ತಾರೆ, ಇಷ್ಟನ್ನು ಸೀಟು ಸಿಗುವ ಮೊದಲೇ ನಿಮ್ಮ ಡಾಕ್ಟರ್ ಮೂಲಕ ವಿಚಾರಿಸಿ. ವಿಷಯ ಮುಚ್ಚಿಟ್ಟು ಹೋದರೆ ಮಾತ್ರ ಅಮ್ಮನ ಭಯ ನಿಜವಾಗುತ್ತದೆ. ನಿಮಗೆ ಜ್ವರ ಬಂದರೆ ಕ್ರೋಸಿನ್ ಕೊಟ್ಟು ಮಲಗಿಸುವುದಲ್ಲ ಅಂತ ವಾರ್ಡನ್‌ಗೆ ಗೊತ್ತಿರಬೇಕು. ಹಾಜರಾತಿಯ ವಿನಾಯಿತಿಯನ್ನೂ ಸೇರುವಾಗಲೇ ಬರೆದು ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ, ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ ಮತ್ತು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೂ ಅರ್ಜಿ ಹಾಕಿ. ಅಲ್ಲಿ ಮುಖ್ಯವಾಗಿ ಕಲಿಸುವುದು ಚಿತ್ರಕಲೆಯಂಥ ದೃಶ್ಯಕಲೆಗಳನ್ನು, ಅದು ಗೊತ್ತಿರಲಿ. ನಿಮ್ಮ ಭಟ್ಟಿಯ ಚಿತ್ರಗಳ ಬಗ್ಗೆ ಓದಿದರೆ ನಿಮಗೆ ಯಾವುದು ಸರಿ ಅಂತ ನನಗೂ ಸಣ್ಣ ಅನುಮಾನ ಇದೆ. ಫಾರಂ ತುಂಬುವ ಮೊದಲು ಎರಡೂ ಕಡೆಯ ವಿದ್ಯಾರ್ಥಿಗಳ ಪ್ರದರ್ಶನ ನೋಡಿ ಬನ್ನಿ, ಅಪ್ಪನನ್ನೂ ಕರೆದುಕೊಂಡು ಹೋಗಿ.