ಅಂಚು ಮಿಗುವುದು ಸಾಲಿನಿಂದ: ಲೇಖಕರೊಬ್ಬರಿಗೆ ಉತ್ತರ

ಪ್ರಿಯರೇ, ನಮಸ್ಕಾರ.

ಪುಟದ ಸುತ್ತ ಬಿಡುವ ಅಂಚು ಹಳೆಯ ಮುದ್ರಕರ ಅಲಂಕಾರದ ಗೀಳು, ಅದನ್ನು ಒಂದು ಸೆಂಟಿಮೀಟರಿಗೆ ಇಳಿಸಿದರೆ ಕಾಗದ ಉಳಿಯುತ್ತದೆ ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಹಾಗೆ ಓದಿದ್ದಕ್ಕೆ ಅದರ ಆಳ ಕಾರಣವಲ್ಲ. ಎಂಟೂ ಪುಟಗಳನ್ನು ನಿಮ್ಮ ವಾದಕ್ಕೆ ತಕ್ಕಂತೆಯೇ ಜೋಡಿಸಿ ಕಳುಹಿಸಿದ್ದರಿಂದ ಮೊದಲ ಓದಿನಲ್ಲಿ ಅರ್ಧ ತಲೆಗೆ ಹತ್ತಲಿಲ್ಲ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ತಿದ್ದಿದರೆ ನಿಲ್ಲಬಲ್ಲ ವಿಷಯವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಎ4 ಹಾಳೆಯ ಅಗಲ 210 ಮಿ.ಮೀ., ಎತ್ತರ 297 ಮಿ.ಮೀ.; ನಾಲ್ಕೂ ಕಡೆ 25 ಮಿ.ಮೀ. ಬಿಟ್ಟರೆ ಬರಹಕ್ಕೆ ಸಿಗುವುದು ಹಾಳೆಯ ಸುಮಾರು ಶೇ. 63 ಭಾಗ, 10 ಮಿ.ಮೀ. ಬಿಟ್ಟರೆ ಶೇ. 84. ನೂರು ಪುಟ 75ಕ್ಕೆ ಇಳಿಯುತ್ತದೆ ಎಂದಿದ್ದೀರಿ, ಇಳಿಯುತ್ತದೆ. ತಪ್ಪಿರುವುದು ಲೆಕ್ಕ ಹೊರಟ ಜಾಗದಲ್ಲಿ. ನೀವು ಹಾಳೆಯಿಂದ ಹೊರಟಿದ್ದೀರಿ. ಅಕ್ಷರ ಜೋಡಣೆಯ ಕೆಲಸ ಬಲ್ಲವರು ಸಾಲಿನಿಂದ ಹೊರಡುತ್ತಾರೆ. ಅಕ್ಷರದ ಗಾತ್ರಕ್ಕೆ ಹೊಂದುವ ಸಾಲಿನ ಉದ್ದವನ್ನು ಮೊದಲು ಗೊತ್ತುಮಾಡಿಕೊಂಡ ಮೇಲೆ ಹಾಳೆಯಲ್ಲಿ ಮಿಕ್ಕದ್ದೇ ಬಹುಮಟ್ಟಿಗೆ ಅಂಚಾಗುತ್ತದೆ. ಲೇಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶವನ್ನು ಹೊಸದಾಗಿ ಬಳಸುವವರು ಎ4 ಹಾಳೆಯಲ್ಲಿ ಅದು ಬಿಡುವ ಅಗಲವಾದ ಅಂಚನ್ನು ಕಂಡು ಗೊಣಗುವುದುಂಟು. 10 ಪಾಯಿಂಟ್ ಅಕ್ಷರಕ್ಕೆ ಅದರ ಸಾಮಾನ್ಯ ಲೇಖನ ವಿನ್ಯಾಸ ಕೊಡುವ ಸಾಲು ಸುಮಾರು 12 ಸೆಂ.ಮೀ. ಮಾತ್ರ, ಅಂಚು ಅದರಿಂದ ಹುಟ್ಟಿದ್ದು.

ನಿಮ್ಮ ಮೂರನೆಯ ಪುಟವನ್ನೇ ತೆಗೆದುಕೊಳ್ಳಿ. 11 ಪಾಯಿಂಟ್ ಅಕ್ಷರ, 19 ಸೆಂ.ಮೀ. ಸಾಲು, ಸಾಲಿಗೆ ಹದಿಮೂರು ಹದಿನಾಲ್ಕು ಪದ. ಸಾಲಿನ ಕೊನೆ ಮುಟ್ಟಿದ ಕಣ್ಣು ಅಷ್ಟು ದೂರ ಎಡಕ್ಕೆ ಹಿಂದಿರುಗಿ, ಒಂದೇ ಒಂದು ಸಾಲು ಕೆಳಗಿಳಿದು, ಸರಿಯಾದ ಪದವನ್ನು ಹಿಡಿಯಬೇಕು. ಆ ಪುಟದ ನಡುವೆ ಒಂದರ ಕೆಳಗೊಂದು ಇರುವ ಎರಡು ಸಾಲುಗಳು ‘ಆದ್ದರಿಂದ’ ಎಂದೇ ಶುರುವಾಗುತ್ತವೆ. ನಾನು ಮೇಲಿನದನ್ನೇ ಮತ್ತೆ ಓದಿ, ವಾದ ಮುಂದೆ ಹೋಗುತ್ತಿಲ್ಲವೆಂದು ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ. ಆಮೇಲೆ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡೇ ಓದಬೇಕಾಯಿತು. ಸಾಲು ಉದ್ದವಾದಷ್ಟೂ ಸಾಲುಗಳ ನಡುವಿನ ಬಿಳಿ ಜಾಗವನ್ನೂ ಹೆಚ್ಚಿಸಬೇಕು, ಏಕೆಂದರೆ ಕಣ್ಣು ಹಿಂದಿರುಗುವ ದಾರಿ ಅದೇ. ಕನ್ನಡಕ್ಕಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ: ಕೆಳಗೆ ಒತ್ತಕ್ಷರ ಇಳಿಯುತ್ತದೆ, ಮೇಲೆ ಗುಡಿಸು ಏಳುತ್ತದೆ. ನಿಮ್ಮ ಕರಡಿನಲ್ಲಿ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ‘ಕಿ’ಯ ಗುಡಿಸಿಗೆ ತಗುಲಿಕೊಂಡಿವೆ.

ಸಾಲಿಗೆ 45ರಿಂದ 75 ಅಕ್ಷರ ಇರಬೇಕೆಂಬ ರೂಢಿಯನ್ನು ನೀವು ಉಲ್ಲೇಖಿಸಿ ತಳ್ಳಿಹಾಕಿದ್ದೀರಿ. ಅದು ರೋಮನ್ ಲಿಪಿಯಲ್ಲಿ ಪದಗಳ ನಡುವಿನ ಜಾಗವನ್ನೂ ಸೇರಿಸಿ ಎಣಿಸಿದ ಸಂಖ್ಯೆ. ಒಂದೇ ಅಕ್ಷರದಲ್ಲಿ ಎರಡು ಮೂರು ವ್ಯಂಜನ ತುಂಬುವ ಕನ್ನಡಕ್ಕೆ ಅದನ್ನು ಹಾಗೆಯೇ ಹೊರಿಸಲಾಗದು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ಮಿತಿಯೇ ಬೇಡವೆಂದಾಗುವುದಿಲ್ಲ. ನನ್ನ ಕಣ್ಣಿಗೆ ಕನ್ನಡದ ಸಾಲಿನಲ್ಲಿ ಏಳರಿಂದ ಒಂಬತ್ತು ಪದ ಹಿತ. ಅತಿ ಗಿಡ್ಡ ಸಾಲಿನದೂ ಬೇರೆ ಪೀಡೆ: ನಮ್ಮ ಸಮಾಸಪದಗಳು ಉದ್ದ, ಪದ ಮುರಿಯುವ ಅಭ್ಯಾಸ ಕಡಿಮೆ, ಹಾಗಾಗಿ ಎರಡೂ ಬದಿ ಸಮಮಾಡಿದಾಗ ಪದಗಳ ನಡುವೆ ಹಲ್ಲುದುರಿದಂತಹ ಸಂದುಗಳು ಬೀಳುತ್ತವೆ.

ಅಲಂಕಾರದ ಆರೋಪಕ್ಕೆ ನೀವು ಕೊಟ್ಟಿರುವ ಸಾಕ್ಷಿ ಮುದ್ರಣ ವಿನ್ಯಾಸಕಾರ ಯಾನ್ ಚಿಹೋಲ್ಡ್ ಅವರು ಹಳೆಯ ಹಸ್ತಪ್ರತಿಗಳನ್ನು ಅಳೆದು ವಿವರಿಸಿದ 2:3:4:6 ಎಂಬ ಒಳ, ಮೇಲು, ಹೊರ, ಕೆಳ ಅಂಚುಗಳ ಪ್ರಮಾಣ. ಆ ವಿನ್ಯಾಸದಲ್ಲಿ ಬರಹಕ್ಕೆ ಪುಟದ ಶೇ. 44 ಮಾತ್ರ ಸಿಗುತ್ತದೆ, ಅದು ದುಬಾರಿ, ನಾನೂ ಅಷ್ಟನ್ನು ಕೇಳುವವನಲ್ಲ. ಆದರೂ ಹೊರ ಅಂಚು ಒಳ ಅಂಚಿನ ಎರಡರಷ್ಟಿರುವುದನ್ನು ಗಮನಿಸಿ: ಪುಸ್ತಕ ತೆರೆದಾಗ ಎರಡು ಒಳ ಅಂಚುಗಳು ಕೂಡಿ ಒಂದು ಹೊರ ಅಂಚಿಗೆ ಸಮವಾಗುತ್ತವೆ. ದಪ್ಪ ಪುಸ್ತಕದ ಬೈಂಡಿಂಗ್ ಒಳಬದಿಯನ್ನು ನುಂಗುವುದರಿಂದ ಅಲ್ಲಿ ಇನ್ನಷ್ಟು ಬಿಡಬೇಕಾಗುತ್ತದೆ. ನಿಮ್ಮ ಹಾಳೆಗಳಿಗೆ ಪಿನ್ ಹೊಡೆದಾಗಲೇ ಸಾಲುಗಳ ಮೊದಲಕ್ಷರಗಳು ಮಡಿಕೆಯೊಳಗೆ ಸೇರಿದವು.

ಕಾಗದ ಉಳಿಸುವುದೇ ಗುರಿಯಾದರೆ ಅದಕ್ಕೂ ಹಳೆಯ ದಾರಿಯಿದೆ. 1455ರ ಸುಮಾರಿಗೆ ಮುಗಿದ ಗುಟೆನ್‌ಬರ್ಗ್ ಬೈಬಲ್ ಅಗಲವಾದ ಪುಟವನ್ನು ಎರಡು ಕಾಲಂಗಳಾಗಿ ಸೀಳಿಕೊಂಡಿತು. ನೀವೂ ಎ4 ಹಾಳೆಯ ಎಡಬಲಕ್ಕೆ 20 ಮಿ.ಮೀ. ಬಿಟ್ಟು, ನಡುವೆ 8 ಮಿ.ಮೀ. ಸಂದಿಟ್ಟರೆ 81 ಮಿ.ಮೀ. ಅಗಲದ ಎರಡು ಕಾಲಂ ಸಿಗುತ್ತವೆ. ಬಲಬದಿಯನ್ನು ಸಮಮಾಡದೆ ಬಿಡಿ, ಮೇಲೆ ಹೇಳಿದ ಸಂದುಗಳ ಕಾಟ ತಪ್ಪುತ್ತದೆ. ಈ ಸಾಧ್ಯತೆ ನಿಮ್ಮ ಲೇಖನದಲ್ಲಿ ಎಲ್ಲೂ ಬಂದಿಲ್ಲ.

ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಎರಡು ಪ್ಯಾರಾಗಳನ್ನು ತೆಗೆದುಹಾಕಿ, ಅಲ್ಲಿರುವುದು ಬರೀ ಕೋಪ. ಲೆಕ್ಕದ ಭಾಗವನ್ನು ಉಳಿಸಿಕೊಳ್ಳಿ. ಒಂದೇ ಪುಟವನ್ನು 19 ಸೆಂ.ಮೀ. ಸಾಲಿನಲ್ಲೊಮ್ಮೆ, ಎರಡು ಕಾಲಂಗಳಲ್ಲೊಮ್ಮೆ ಜೋಡಿಸಿ, ವಿಷಯ ಗೊತ್ತಿಲ್ಲದ ಒಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರು ಎಲ್ಲೆಲ್ಲಿ ಎಡವಿದರೆಂದು ಗುರುತುಹಾಕಿಕೊಂಡು ಲೇಖನವನ್ನು ಅಲ್ಲಿಂದ ಆರಂಭಿಸಿ. ಮರಳಿ ಕಳುಹಿಸುವಾಗ ಬಲಗಡೆ ನಾಲ್ಕು ಸೆಂಟಿಮೀಟರ್ ಬಿಟ್ಟಿರಿ. ಈ ಸಲ ನನ್ನ ಟಿಪ್ಪಣಿಗಳನ್ನೆಲ್ಲ ಹಾಳೆಯ ಬೆನ್ನಿಗೆ ಬರೆಯಬೇಕಾಯಿತು.

ಇತಿ,
ಸಂಪಾದಕ