ಓದುಗರ ಪ್ರಶ್ನೆ: ಹಡಗಿಗೆ ಹಗ್ಗ ಕಟ್ಟೋ ಮುಂಚೆ

ಮರದ ಹಾಯಿಹಡಗಿನ ಮಾಡಲ್ ಬಗ್ಗೆ ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಬಂದು ನಿಂತಿವೆ, ಹಲ್ (ಹಡಗಿನ ಒಡಲು) ಮುಗೀತು, ಡೆಕ್ (ಮೇಲಿನ ಹಲಗೆ ನೆಲ) ಮುಗೀತು, ಇನ್ನು ರಿಗ್ಗಿಂಗ್, ಅಂದ್ರೆ ಹಗ್ಗ ಕಟ್ಟೋ ಕೆಲಸ, ಕೈ ಓಡ್ತಿಲ್ಲ ಅಂತ. ಹಾಗಾಗಿ ಮೊದಲನೇ ಪ್ರಶ್ನೆಗೆ ಉದ್ದಕ್ಕೆ ಬರ್ದಿದೀನಿ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ಸರ್, ನಾನು ಎಚ್‌ಎಂಎಸ್ ವಿಕ್ಟರಿ ಕಿಟ್ ತಗೊಂಡು ಎರಡು ವರ್ಷ ಆಯ್ತು, 1:98 ಸ್ಕೇಲು. ಹಲಗೆ ಜೋಡಿಸಿದ್ದು, ತಾಮ್ರದ ಹಾಳೆ, ತೋಪುಗಳು ಎಲ್ಲಾ ಮುಗ್ದಿದೆ. ಈಗ ರಿಗ್ಗಿಂಗ್ ಡ್ರಾಯಿಂಗ್ ಬಿಚ್ಚಿ ನೋಡಿದ್ರೆ ಜೇಡರ ಬಲೆ ಥರ ಕಾಣ್ಸುತ್ತೆ. ಮಾಸ್ಟ್ (ಹಾಯಿಕಂಬ) ನಿಲ್ಸಿ ಒಂದೊಂದೇ ದಾರ ಕಟ್ತಾ ಹೋಗ್ಲಾ? ಎಲ್ಲಿಂದ ಶುರು ಮಾಡ್ಲಿ? (ಶಿವಮೊಗ್ಗದ ಓದುಗರು)

ಮಾಸ್ಟ್ ಇನ್ನೂ ನಿಲ್ಲಿಸ್ಬೇಡಿ. ನಿಲ್ಸಿದ್ರೂ ಅಂಟು ಹಾಕ್ಬೇಡಿ, ಇದೊಂದು ಮಾತು ದಯವಿಟ್ಟು ಕೇಳಿ.

ಭಯ ಆಗೋದು ಸಹಜ. ನಿಜವಾದ ವಿಕ್ಟರಿ 1765ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ, 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಇದ್ದಿದ್ದು ಇದರ ಮೇಲೇನೇ, ಈಗ ಪೋರ್ಟ್ಸ್‌ಮತ್‌ನ ಒಣ ಡಾಕ್‌ನಲ್ಲಿದೆ. ಅದರ ರಿಗ್ಗಿಂಗ್‌ಗೆ ಸುಮಾರು 42 ಕಿಲೋಮೀಟರ್ ಹಗ್ಗ ಬೇಕಿತ್ತು. ಆದ್ರೆ ಅಷ್ಟೂ ಹಗ್ಗ ಎರಡೇ ಜಾತಿ. ಒಂದು ಕದಲದೆ ನಿಂತಿರೋದು, ಮಾಸ್ಟ್ ಬೀಳ್ದಂಗೆ ಅಕ್ಕಪಕ್ಕ ಹಿಡ್ಕೊಳ್ಳೋ ಶ್ರೌಡ್‌ಗಳು, ಮುಂದೆ ಹಿಂದೆ ಎಳ್ಕೊಂಡಿರೋ ಸ್ಟೇಗಳು. ಇವಕ್ಕೆ ಡಾಂಬರು ಥರದ ಎಣ್ಣೆ ಬಳೀತಿದ್ರು, ಅದಕ್ಕೇ ಕಪ್ಪು. ಇನ್ನೊಂದು ಓಡಾಡೋ ಹಗ್ಗ, ಹಾಯಿ ಮತ್ತೆ ಅದನ್ನ ತೂಗುಬಿಡೋ ಅಡ್ಡಕೋಲುಗಳನ್ನ, ಅಂದ್ರೆ ಯಾರ್ಡ್‌ಗಳನ್ನ, ಏರಿಸಿ ಇಳಿಸಿ ತಿರುಗಿಸೋಕೆ, ಅದು ನಾರಿನ ಬಣ್ಣಕ್ಕೆ ಹತ್ತಿರ. ಡ್ರಾಯಿಂಗ್‌ನ ಎರಡು ಜೆರಾಕ್ಸ್ ಮಾಡ್ಸಿ, ಒಂದರಲ್ಲಿ ನಿಂತಿರೋ ಹಗ್ಗಕ್ಕೆ ಮಾತ್ರ ಪೆನ್ಸಿಲ್ ಬಣ್ಣ ಹಾಕಿ, ಇನ್ನೊಂದರಲ್ಲಿ ಓಡೋದಕ್ಕೆ. ಒಂದು ಭಾನುವಾರ ಹೋಗುತ್ತೆ, ಹೋಗ್ಲಿ. ಸಂಜೆ ಹೊತ್ತಿಗೆ ಆ ಜೇಡರ ಬಲೆ ಬಿಡಿಬಿಡಿಯಾಗಿ ಕಾಣೋಕೆ ಶುರುವಾಗಿರುತ್ತೆ. ಆಮೇಲೆ ಕಟ್ಟಿ ಮುಗಿಸಿದ ಒಂದೊಂದು ದಾರದ ಮೇಲೂ ಕೆಂಪು ಗೆರೆ ಎಳೀತಾ ಬನ್ನಿ.

ಈಗ ಮಾಸ್ಟ್ ವಿಷಯ. ನಾನು ಮೊದಲು ಮಾಡಿದ್ದು ಬ್ಲೂನೋಸ್ ಅನ್ನೋ ಎರಡು ಮಾಸ್ಟಿನ ಸ್ಕೂನರ್, ಕೆನಡಾದ ಲೂನನ್‌ಬರ್ಗ್‌ನಲ್ಲಿ 1921ರಲ್ಲಿ ಕಟ್ಟಿದ ಮೀನುಗಾರಿಕೆ ಹಡಗು. ಹಲ್ ಮುಗಿದ ಖುಷಿಗೆ ಅವತ್ತೇ ರಾತ್ರಿ ಎರಡೂ ಮಾಸ್ಟ್ ನಿಲ್ಸಿ ಅಂಟು ಹಾಕ್ಬಿಟ್ಟೆ, ನಿಂತ ತಕ್ಷಣ ಹಡಗು ಅನ್ನಿಸ್ಬಿಡುತ್ತಲ್ಲ, ತಡ್ಕೊಳ್ಳೋಕಾಗ್ಲಿಲ್ಲ. ಮಾರನೇ ದಿನ ನೋಡ್ತೀನಿ, ಮಾಸ್ಟಿನ ತುದೀಲಿ ಕಟ್ಬೇಕಿದ್ದ ಬ್ಲಾಕ್‌ಗಳು (ಹಗ್ಗ ಓಡೋ ಸಣ್ಣ ರಾಟೆಗಳು) ಒಂದೂ ಕಟ್ಟಿಲ್ಲ, ಬುಡದಲ್ಲಿ ಡೆಕ್ಕಿಗೆ ಹಾಕ್ಬೇಕಿದ್ದ ಐಬೋಲ್ಟ್‌ಗಳಿಗೆ (ತಲೆಯಲ್ಲಿ ಉಂಗುರ ಇರೋ ಮೊಳೆ) ತೂತೂ ಕೊರೆದಿಲ್ಲ. ಕೈಗೆ ತಗೊಂಡು ಮೇಜಿನ ಮೇಲೆ ಐದು ನಿಮಿಷಕ್ಕೆ ಮಾಡ್ಬಹುದಿದ್ದ ಕೆಲಸಕ್ಕೆ ಗಾಳಿಯಲ್ಲಿ ಕೈ ಎತ್ತಿ ಹಿಡಿದು ಒಂದೊಂದು ಸಂಜೆ ಹೋಯ್ತು, ಕೊನೆಗೆ ಅಂಗಿ ತೋಳು ಸಿಕ್ಕಾಕ್ಕೊಂಡು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿರೋ ಕೋಲು, ಬೌಸ್ಪ್ರಿಟ್, ಮುರೀತು. ತುಂಬಾ ಸಂಕಟ ಆಗಿತ್ತು ಅವತ್ತು. ಅದಕ್ಕೇ ಹೇಳ್ತೀನಿ, ನಿಮ್ಮಂಥ ಮೂರು ಮಾಸ್ಟಿನ ಹಡಗಿಗೆ ಒಂದು ಪೂರಾ ತಿಂಗಳು ಬರೀ ತಯಾರಿಗೆ ಇಟ್ಕೊಳ್ಳಿ, ಆ ತಿಂಗಳಲ್ಲಿ ಹಡಗಿನ ಮೇಲೆ ಒಂದು ದಾರಾನೂ ಕಟ್ಬೇಡಿ.

ಆ ತಿಂಗಳಲ್ಲಿ ಏನ್ ಮಾಡೋದು? ಮೊದಲು ಡೆಕ್. ಮಾಸ್ಟಿನ ಬುಡದ ಸುತ್ತ, ಬದಿಯ ಗೋಡೆ ಒಳಗಡೆ ಎಲ್ಲೆಲ್ಲಿ ಐಬೋಲ್ಟ್ ಬರುತ್ತೆ ಅಂತ ಡ್ರಾಯಿಂಗ್ ನೋಡಿ ಎಲ್ಲಾ ಈಗ್ಲೇ ಹಾಕಿ, ಬುಡಕ್ಕೆ ಬರೋ ಬ್ಲಾಕ್‌ಗಳನ್ನೂ ಈಗ್ಲೇ ಕಟ್ಬಿಡಿ. ಐಬೋಲ್ಟ್ ಹಾಕಿದ ಮೇಲೆ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ, ಬರೋದಾದ್ರೆ ಈಗ್ಲೇ ಬರ್ಲಿ. ಆರು ತಿಂಗಳಾದ್ಮೇಲೆ ಇಪ್ಪತ್ತು ದಾರದ ಹಿಂದೆ ಒಂದು ಐಬೋಲ್ಟ್ ಕಿತ್ಕೊಂಡು ಬಂದ್ರೆ ಅಲ್ಲಿಗೆ ಕೈ ಹೋಗಲ್ಲ. ಬಿಲೇಯಿಂಗ್ ಪಿನ್‌ಗಳನ್ನ (ಹಗ್ಗದ ತುದಿ ಸುತ್ತಿ ಕಟ್ಟೋ ಗೂಟಗಳು) ಮಾತ್ರ ತೂತಲ್ಲಿ ಸುಮ್ನೆ ಕೂರ್ಸಿ ನೋಡಿ, ಅಂಟು ಬೇಡ.

ಆಮೇಲೆ ಬ್ಲಾಕ್‌ಗಳು. ಕಿಟ್‌ನಲ್ಲಿ ಬರೋವು ಹೆಚ್ಚಾಗಿ ಚೌಕಾಕಾರ, ತೂತಲ್ಲಿ ಮರದ ಪುಡಿ ತುಂಬಿರುತ್ತೆ. ಒಂದು ಡಬ್ಬಿ ಒಳಗೆ ಸುತ್ತ ಸ್ಯಾಂಡ್‌ಪೇಪರ್ ಅಂಟಿಸಿ, ಬ್ಲಾಕ್ ಹಾಕಿ ಮುಚ್ಚಳ ಮುಚ್ಚಿ ಟಿವಿ ನೋಡ್ತಾ ಅಲ್ಲಾಡಿಸ್ತಾ ಕೂತ್ಕೊಳ್ಳಿ, ಮೂಲೆಗಳು ಉರುಟಾಗಿ ಎಷ್ಟು ಚಂದ ಬರ್ತವೆ ಅಂದ್ರೆ ನಿಮಗೇ ಆಶ್ಚರ್ಯ ಆಗುತ್ತೆ. ಆಮೇಲೆ ಕೈ ಡ್ರಿಲ್‌ನಲ್ಲಿ ಪ್ರತಿ ತೂತನ್ನೂ ಬಿಡಿಸ್ಕೊಳ್ಳಿ. ಮಾಸ್ಟ್‌ಗೆ, ಯಾರ್ಡ್‌ಗೆ ಸೇರಬೇಕಾದ ಬ್ಲಾಕ್ ಪೂರ್ತಿ, ಜೊತೆಗೆ ಯಾರ್ಡ್ ಕೆಳಗೆ ನಾವಿಕರು ಕಾಲಿಡೋ ಹಗ್ಗ ಕೂಡಾ, ಮೇಜಿನ ಮೇಲೇ ಕಟ್ಟಿ ಮುಗಿಸಿ.

ಇದಾದ್ಮೇಲೆ ಮಾಸ್ಟನ್ನ ಅಂಟಿಲ್ದೆ ತೂತಿಗಿಳಿಸಿ, ಮುಂದಿನಿಂದ ನಿಂತು ಒಂದ್ಸಲ, ಹಿಂದಿನಿಂದ ಒಂದ್ಸಲ ಕಣ್ಣಳತೆ ಹಾಕಿ, ಮೂರೂ ಒಂದೇ ಗೆರೇಲಿ ಇರಬೇಕು. ಹಿಂದಕ್ಕೆ ಎಷ್ಟು ವಾಲ್ಬೇಕು ಅನ್ನೋದನ್ನ ಡ್ರಾಯಿಂಗ್‌ನಿಂದ ರಟ್ಟು ಕತ್ತರಿಸಿಕೊಂಡು ಪಕ್ಕ ಇಟ್ಟು ನೋಡಿ. ಈಗ ಒಂದು ಮುಖ್ಯವಾದ ಕೆಲಸ ಇದೆ, ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಹಡಗಿನ ಹೊರಬದೀಲಿ ಹಲಗೆ ಥರ ಚಾಚಿಕೊಂಡಿರೋ ಚಾನೆಲ್‌ಗೆ ಡೆಡ್‌ಐ ಕೂರುತ್ತಲ್ಲ, ಮೂರು ತೂತಿನ ಬಿಲ್ಲೆ, ಅದನ್ನ ಕೆಳಗೆ ಹಿಡಿದಿರೋ ಲೋಹದ ಪಟ್ಟಿ, ಚೈನ್‌ಪ್ಲೇಟ್, ನೇರ ಕೆಳಗಿಳಿಯಲ್ಲ, ಮೇಲಿಂದ ಬರೋ ಶ್ರೌಡ್ ಯಾವ ಓರೆಯಲ್ಲಿ ಬರುತ್ತೋ ಅದೇ ಓರೆಯಲ್ಲಿ ಮುಂದುವರೀಬೇಕು. ಎಳೆತ ಬೀಳೋದು ಅದೇ ಗೆರೆಯಲ್ಲಿ, ಅದಕ್ಕೆ. ಮಾಸ್ಟಿನ ತಲೆಯಿಂದ ಒಂದು ದಾರ ಎಳೆದು, ಡೆಡ್‌ಐ ಜಾಗ ಮುಟ್ಟಿಸಿ, ಹಾಗೇ ಕೆಳಗೆ ಹಲ್ ತನಕ ತಂದು ಮೊಳೆ ಹೊಡೆಯೋ ಜಾಗ ಗುರುತು ಮಾಡಿ. ಒಂದೊಂದಕ್ಕೂ ಬೇರೆ ಬೇರೆ ಓರೆ ಬರುತ್ತೆ. ತೋಪಿನ ಕಿಟಕಿಗೆ ಅಡ್ಡ ಬರುತ್ತಾ ಅನ್ನೋದೂ ಆಗ್ಲೇ ಗೊತ್ತಾಗುತ್ತೆ.

ಕಟ್ಟೋ ದಿನ ಬಂದಾಗ ಕೆಳಗಿಂದ ಮೇಲೆ, ನಡುವಿನಿಂದ ಹೊರಗೆ. ಶ್ರೌಡ್ ಒಂಟಿ ಹಗ್ಗ ಅಲ್ಲ, ಒಂದೇ ಹಗ್ಗ ಮಡಚಿ ಮಾಸ್ಟಿನ ತಲೆಗೆ ಕುಣಿಕೆ ಹಾಕಿ ಎರಡು ಕಾಲು ಮಾಡಿ ಇಳಿಸೋದು. ಮೊದಲ ಜೋಡಿ ಬಲಗಡೆ ಮುಂದೆ, ಎರಡನೇ ಜೋಡಿ ಎಡಗಡೆ ಮುಂದೆ, ಹೀಗೆ ಒಂದಾದ್ಮೇಲೊಂದು ಬದಿ ಬದಲಾಯಿಸ್ತಾ ಹೋಗಿ. ಒಂದೇ ಬದಿ ಪೂರ್ತಿ ಮುಗಿಸಿದ್ರೆ ಮಾಸ್ಟ್ ಆ ಕಡೆಗೆ ವಾಲುತ್ತೆ. ಸ್ಟೇಗಳ ಕುಣಿಕೆ ಶ್ರೌಡ್‌ಗಳ ಮೇಲೆ ಕೂರೋದು, ಹಾಗಾಗಿ ಅವು ಆಮೇಲೆ. ಮೇಲಿನ ಕೆಳಗಿನ ಡೆಡ್‌ಐ ನಡುವಿನ ಅಂತರ ಎಲ್ಲಾ ಕಡೆ ಒಂದೇ ಸಮ ಬರೋಕೆ ತಂತಿ ಬಾಗಿಸಿ ಎರಡು ಕೊಕ್ಕೆ ಇರೋ ಅಳತೆ ಮಾಡ್ಕೊಳ್ಳಿ, ಡೆಡ್‌ಐ ಸಾಲು ಏರುಪೇರಾದ್ರೆ ದೂರದಿಂದ್ಲೇ ಎದ್ದು ಕಾಣುತ್ತೆ.

ರಾಟ್‌ಲೈನ್ ಬಗ್ಗೆ ಎರಡು ಮಾತು, ಶ್ರೌಡ್‌ಗೆ ಅಡ್ಡ ಕಟ್ಟೋ ಏಣಿ ಮೆಟ್ಟಿಲು ಅವು. ನಿಜ ಹಡಗಲ್ಲಿ 13ರಿಂದ 15 ಇಂಚಿಗೊಂದು ಇರ್ತಿತ್ತು, ಮನುಷ್ಯ ಹತ್ತೋ ಲೆಕ್ಕ. 14 ಇಂಚು ಅಂದ್ರೆ ಸುಮಾರು 356 ಮಿಲಿಮೀಟರ್, 98ರಿಂದ ಭಾಗಿಸಿದ್ರೆ ನಿಮ್ಮ ಸ್ಕೇಲಿಗೆ 3.6. ಬಿಳಿ ಕಾಗದದ ಮೇಲೆ ಆ ಅಂತರಕ್ಕೆ ಗೆರೆ ಹಾಕಿ ಶ್ರೌಡ್ ಹಿಂದೆ ಕ್ಲಿಪ್ ಹಾಕಿಡಿ. ಗಂಟು ಯಾವ್ದು ಅಂದ್ರೆ ಹಳ್ಳೀಲಿ ದನದ ಹಗ್ಗ ಗೂಟಕ್ಕೆ ಎರಡು ಸುತ್ತು ಹಾಕಿ ಬಿಗೀತಾರಲ್ಲ, ಅದೇ, ಕ್ಲೋವ್ ಹಿಚ್ ಅಂತಾರೆ. ಬಿಗಿ ಎಳೀಬೇಡಿ. ಬಿಗಿ ಎಳೆದ್ರೆ ಶ್ರೌಡ್‌ಗಳು ನಡುವೆ ಒಳಕ್ಕೆ ಬಂದು ಡಮರುಗದ ಥರ ಆಗುತ್ತೆ, ಆಮೇಲೆ ಸರಿ ಮಾಡೋಕೆ ಕತ್ತರಿಸೋದು ಬಿಟ್ಟು ಬೇರೆ ದಾರಿ ಇಲ್ಲ. ದಿನಕ್ಕೆ ನಾಲ್ಕೈದು ಸಾಲು ಸಾಕು, ಕಣ್ಣು ದಣಿದ ಮೇಲೆ ಕಟ್ಟಿದ ಸಾಲು ಮಾರನೇ ದಿನ ನೋಡಿದ್ರೆ ಓರೆ ಇರುತ್ತೆ.

ಪ್ರಶ್ನೆ: ಕಿಟ್‌ನಲ್ಲಿ ಬಂದಿರೋ ದಾರ ಹತ್ತಿಯದ್ದು, ತುಂಬಾ ಜುಂಗು. ಅಂಗಡಿ ದಾರ ಹಾಕಬಹುದಾ? ಯಾವ ದಪ್ಪ ಅಂತ ಹೇಗೆ ಗೊತ್ತಾಗೋದು? (ದಾವಣಗೆರೆ)

ಧಾರಾಳವಾಗಿ ಹಾಕಿ. ಟೈಲರ್‌ಗಳು ಬಳಸೋ ಒಳ್ಳೆ ಪಾಲಿಯೆಸ್ಟರ್ ದಾರಕ್ಕೆ ಜುಂಗು ಕಮ್ಮಿ, ಹತ್ತಿರದಿಂದ ನೋಡಿದ್ರೆ ಹುರಿಯೂ ಕಾಣುತ್ತೆ. ಹೊಳೆಯೋ ದಾರ ಮಾತ್ರ ಬೇಡ, ಹಗ್ಗ ಹೊಳೆಯಲ್ಲ. ಹತ್ತಿದೇ ಹಾಕ್ತೀನಿ ಅಂದ್ರೆ ಜೇನುಮೇಣದ ಉಂಡೆ ಮೇಲೆ ಎರಡು ಸಲ ಎಳೆದು ಬೆರಳಲ್ಲಿ ಸವರಿ, ಜುಂಗು ಕೂರುತ್ತೆ. ಮೇಣ ಜಾಸ್ತಿ ಆದ್ರೆ ಧೂಳು ಹಿಡಿಯುತ್ತೆ, ಹಾಗಾಗಿ ಉಳಿದಿದ್ದನ್ನ ಬಟ್ಟೇಲಿ ಒರೆಸಿ.

ದಪ್ಪದ ಲೆಕ್ಕದಲ್ಲಿ ಸುಮಾರು ಜನ ಎಡವೋದು ಒಂದೇ ಕಡೆ. ಹಳೇ ಹಡಗಿನ ಪಟ್ಟಿಗಳಲ್ಲಿ 9 ಇಂಚಿನ ಶ್ರೌಡ್ ಅಂತ ಬರೆದಿದ್ರೆ ಅದು ಹಗ್ಗದ ಸುತ್ತಳತೆ, ಅಡ್ಡಳತೆ ಅಲ್ಲ. ಅದನ್ನ 3.14ರಿಂದ ಭಾಗಿಸ್ಬೇಕು, ಸುಮಾರು 2.87 ಇಂಚು, ಅಂದ್ರೆ 73 ಮಿಲಿಮೀಟರ್. 1:72ಕ್ಕೆ ಒಂದು ಮಿಲಿಮೀಟರ್ ದಾರ, 1:98ಕ್ಕೆ 0.74. ಒಂದೂವರೆ ಇಂಚಿನ ರಾಟ್‌ಲೈನ್ 1:98ಕ್ಕೆ 0.12 ಬರುತ್ತೆ, ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ನಿಮ್ಮ ಹತ್ರ ಇರೋ ದಾರ ಅಳೆಯೋಕೆ ಪೆನ್ಸಿಲ್‌ಗೆ ಒತ್ತೊತ್ತಾಗಿ ಸುತ್ತಿ, ಹತ್ತು ಮಿಲಿಮೀಟರ್ ಒಳಗೆ ಎಷ್ಟು ಸುತ್ತು ಬಂತು ಎಣಿಸಿ, ಇಪ್ಪತ್ತು ಬಂದ್ರೆ ಅರ್ಧ ಮಿಲಿಮೀಟರ್. ದಪ್ಪ ದಾರ ಸಿಗ್ದಿದ್ರೆ ಮೂರೆಳೆ ಸೇರಿಸಿ ನೀವೇ ಹೊಸೀಬಹುದು, ಎಳೆ ತಿರುಚೋದು ಒಂದು ದಿಕ್ಕಿಗೆ, ಮೂರನ್ನೂ ಸೇರಿಸಿ ತಿರುಚೋದು ಎದುರು ದಿಕ್ಕಿಗೆ, ಆಗ್ಲೇ ಹುರಿ ಬಿಚ್ಕೊಳ್ದೆ ನಿಲ್ಲೋದು. ಒಂದು ವಿಷಯ, ಹಡಗು ಯಾವ ಕಾಲದ್ದು ನೋಡ್ಕೊಳ್ಳಿ. 1869ರ ಕಟ್ಟಿ ಸಾರ್ಕ್ ಥರದ ಹಡಗಲ್ಲಿ ನಿಂತಿರೋ ರಿಗ್ಗಿಂಗ್ ಕಬ್ಬಿಣದ ತಂತಿ ಹಗ್ಗ, ಅಲ್ಲಿ ದಪ್ಪ ನಾರಿನ ಹಗ್ಗದ ಥರದ ದಾರ ಹಾಕಿದ್ರೆ ಹಡಗಿನ ಕಾಲಾನೇ ತಪ್ಪುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಬಿಗಿ ಇದ್ದ ದಾರಗಳು ಬೇಸಿಗೇಲಿ ಜೋತು ಬೀಳ್ತಿವೆ. ನನ್ನ ಗಂಟು ಸರಿ ಇಲ್ವಾ? (ಮಂಗಳೂರು)

ಗಂಟಿನ ತಪ್ಪಲ್ಲ. ಹತ್ತಿ, ನಾರಿನ ದಾರ ತೇವ ಕುಡಿದ್ರೆ ಉಬ್ಬಿ ಉದ್ದ ಕಮ್ಮಿ ಆಗುತ್ತೆ, ಒಣಗಿದ್ರೆ ವಾಪಸ್ ಸಡಿಲ. ಮಳೇಲಿ ನೆನೆದ ಹಗ್ಗ ಬಿಗಿಯೋದು ನಿಮ್ಮೂರಿನ ದೋಣಿಯವರಿಗೆ ಹೊಸದೇನಲ್ಲ. ತಂತಿ ಥರ ಬಿಗಿದು ಕಟ್ಬೇಡಿ, ಹಗ್ಗ ನೆಟ್ಟಗೆ ಕಾಣೋವಷ್ಟು ಬಿಗಿ ಇದ್ರೆ ಸಾಕು. ಮುಂದಿನ ಹಡಗಿಗೆ ಪಾಲಿಯೆಸ್ಟರ್ ತಗೊಳ್ಳಿ, ಅದು ತೇವ ಹೆಚ್ಚು ಎಳ್ಕೊಳ್ಳಲ್ಲ. ಈಗಿರೋದನ್ನ ಡೆಡ್‌ಐ ಹತ್ರ ಬಿಗಿ ಮಾಡ್ಬಹುದು, ಅಲ್ಲಿ ಅಂಟು ಹಾಕಿಲ್ದಿದ್ರೆ. ಗಾಜಿನ ಪೆಟ್ಟಿಗೆ ಮಾಡಿಸೋದಾದ್ರೆ ಗಾಳಿಯಾಡೋಕೆ ತಳದಲ್ಲಿ ಸಣ್ಣ ತೂತು ಬಿಡಿಸಿ.

ಪ್ರಶ್ನೆ: ಗಂಟಿಗೆ ಫೆವಿಕ್ವಿಕ್ ಹಾಕಿದ್ರೆ ಬೆಳ್ಳಗಾಗುತ್ತೆ, ಏನ್ ಮಾಡೋದು? (ಹಾಸನ)

ಗಂಟಿಗೆ ಅದು ಬೇಡ, ದಾರ ಗಟ್ಟಿ ಕಡ್ಡಿ ಥರ ಆಗಿ ಮುರಿಯುತ್ತೆ ಕೂಡಾ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಸೂಜಿ ಮೊನೆಯಲ್ಲಿ ಒಂದು ಹನಿ ಮುಟ್ಟಿಸಿ, ಒಣಗಿದ್ಮೇಲೆ ಕಾಣಲ್ಲ, ಬಿಚ್ಬೇಕು ಅಂದ್ರೆ ನೀರು ಹಚ್ಚಿ ಬಿಚ್ಬಹುದು. ಫೆವಿಕ್ವಿಕ್ಕನ್ನ ದಾರದ ತುದಿಗೆ ಹಚ್ಚಿ ಓರೆಯಾಗಿ ಕತ್ತರಿಸಿ, ಬ್ಲಾಕ್‌ನ ತೂತಲ್ಲಿ ಪೋಣಿಸೋಕೆ ಸೂಜಿಯಾಗುತ್ತೆ, ಅದಕ್ಕೆ ಮಾತ್ರ ಇಟ್ಕೊಳ್ಳಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿರೋ ಕನ್ನಡದವರು. ಹಾರ್ಟಲ್‌ಪೂಲ್‌ನಲ್ಲಿ ಎಚ್‌ಎಂಎಸ್ ಟ್ರಿಂಕೊಮಲಿ ನೋಡಿ ಬಂದ್ಮೇಲೆ ಮಗಳು ಅದೇ ಹಡಗು ಮಾಡೋಣ ಅಂತಿದಾಳೆ. ಅದು ತೇಗದ ಹಡಗಲ್ವಾ, ಮಾಡಲ್ಲೂ ತೇಗದಲ್ಲೇ ಮಾಡಬಹುದಾ?

ಮಗಳ ಆಯ್ಕೆ ನನಗೆ ತುಂಬಾ ಖುಷಿ ಕೊಡ್ತು. ಮುಂಬೈನಲ್ಲಿ ವಾಡಿಯಾ ಮನೆತನದ ಜಮ್ಶೆಟ್‌ಜಿ ಬೊಮನ್‌ಜಿ ಮಲಬಾರಿನ ತೇಗದಲ್ಲಿ ಕಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ಹಡಗು ಅದು, ಇನ್ನೂರು ವರ್ಷ ದಾಟಿದ್ರೂ ನೀರಲ್ಲೇ ತೇಲ್ತಿದೆ. ಅದನ್ನ ಕಟ್ಟೋಕೆ ಮೊದಲು ಕಳಿಸಿದ್ದ ನಕ್ಷೆ ಮುಂಬೈ ಸೇರ್ಲೇ ಇಲ್ಲ, ನಕ್ಷೆ ತರ್ತಿದ್ದ ಜಾವಾ ಅನ್ನೋ ಹಡಗನ್ನ 1812ರ ಡಿಸೆಂಬರ್‌ನಲ್ಲಿ ಅಮೆರಿಕದ ಯುದ್ಧನೌಕೆ ಕಾನ್ಸ್‌ಟಿಟ್ಯೂಶನ್ ಬ್ರೆಜಿಲ್ ತೀರದ ಹತ್ರ ಸೋಲಿಸಿತ್ತು, ಇನ್ನೊಂದು ಪ್ರತಿ ಕಳಿಸಬೇಕಾಯ್ತು. ಆ ಕಾನ್ಸ್‌ಟಿಟ್ಯೂಶನ್ನೂ ಬಾಸ್ಟನ್‌ನಲ್ಲಿ ಇವತ್ತಿಗೂ ಇದೆ. ಮಗಳಿಗೆ ಈ ಕಥೆ ಹೇಳಿ.

ಆದ್ರೆ ಮಾಡಲ್‌ಗೆ ತೇಗ ಬೇಡ. ತೇಗದ ಮೈಮೇಲಿನ ಸಣ್ಣ ರಂಧ್ರ 0.3 ಮಿಲಿಮೀಟರ್ ಇದ್ರೂ 1:64 ಸ್ಕೇಲಿಗೆ ಅದು ಎರಡು ಸೆಂಟಿಮೀಟರ್ ಗುಂಡಿಯ ಲೆಕ್ಕ, ಹಡಗಿನ ಹಲಗೆ ತುಂಬಾ ಗುಂಡಿ ಬಿದ್ದಂಗೆ ಕಾಣುತ್ತೆ. ಅಲ್ಲಿ ನಿಮಗೆ ಪೇರ್ ಮರ, ಬಾಕ್ಸ್‌ವುಡ್ ಸಿಗುತ್ತೆ, ಎಳೆ ನುಣುಪು, ತೇಗದ ಬಣ್ಣ ಬೇಕಾದ್ರೆ ತೆಳ್ಳಗೆ ಸ್ಟೇನ್ ಹಚ್ಚಿ. ಇಲ್ಲಿರೋರು ಚನ್ನಪಟ್ಟಣದ ಗೊಂಬೆಗೆ ಬಳಸೋ ಹಾಲೆ ಮರ ಪ್ರಯತ್ನಿಸಿ, ಡೆಡ್‌ಐ, ಬ್ಲಾಕ್ ಮಾಡೋಕೆ ಅದು ಬಹಳ ಚೆನ್ನಾಗಿದೆ. ಆದ್ರೂ ಮಗಳ ಮೊದಲ ಹಡಗು ಅಂದ್ರೆ ಮೂರು ಮಾಸ್ಟ್ ಜಾಸ್ತಿ ಆಯ್ತು, ಒಂದೇ ಮಾಸ್ಟಿನ ಚಿಕ್ಕ ಕಟರ್ ಒಂದು ಮುಗಿಸಿ ಆಮೇಲೆ ಇದಕ್ಕೆ ಕೈ ಹಾಕ್ಲಿ.

ಪ್ರಶ್ನೆ: ಹಾಯಿ ಬಟ್ಟೆ ಇಲ್ದೆ ಬರೀ ಹಗ್ಗ ಕಟ್ಟಿದ್ರೆ ತಪ್ಪಾ? (ಬೆಳಗಾವಿ)

ತಪ್ಪೇನಿಲ್ಲ, ನನಗಂತೂ ಹಾಗೇ ಇಷ್ಟ, ಹಗ್ಗದ ಕೆಲಸ ಪೂರ್ತಿ ಕಾಣುತ್ತೆ. ಆದ್ರೆ ಹಾಯಿ ಇಲ್ಲ ಅಂದ್ಮೇಲೆ ಮೇಲಿನ ಯಾರ್ಡ್‌ಗಳನ್ನ ಕೆಳಗಿಳಿಸಿ ಕಟ್ಬೇಕು. ಅವನ್ನ ಮೇಲೆ ಎಳೀತಿದ್ದಿದ್ದೇ ಹಾಯಿ ಬಿಚ್ಚಿ ಹರಡೋಕೆ. ಕೆಳಗಿನ ದೊಡ್ಡ ಯಾರ್ಡ್ ಅದರ ಜಾಗದಲ್ಲೇ ಇರ್ಲಿ, ಅದರ ಮೇಲಿನದು ಮಾಸ್ಟ್‌ಗಳ ಜೋಡಣೆ ಇರೋ ಜಾಗದ ಸ್ವಲ್ಪ ಮೇಲಕ್ಕೆ ಬಂದು ಕೂರುತ್ತೆ. ಇಳಿಸೋ ಹಗ್ಗದ ಉದ್ದ ಡ್ರಾಯಿಂಗ್‌ಗಿಂತ ಬೇರೆ ಬರುತ್ತೆ, ಕತ್ತರಿಸೋ ಮುಂಚೆ ಒಂದು ಗೇಣು ಜಾಸ್ತಿ ಬಿಟ್ಕೊಳ್ಳಿ.