ಕರಿಬೇವಿನಲ್ಲಿ ಕೀಟನಾಶಕ ಪತ್ತೆಗೆ ಕ್ವೆಚರ್ಸ್ ಬಿಟ್ಟು ಇನ್ನೂ ‘ಗ್ರೀನ್’ ವಿಧಾನ ಯಾವುದಿದೆ? (ಎಂ.ಎಸ್ಸಿ. ಪ್ರಾಜೆಕ್ಟ್)

ಕ್ವೆಚರ್ಸ್ ಬಿಡಲೇಬೇಡಿ. ಸ್ವಲ್ಪವೇ ದ್ರಾವಕದಲ್ಲಿ ಕೀಟನಾಶಕ ಎಳೆದು, ಆ ರಸ ಶುದ್ಧಮಾಡೋ ವಿಧಾನ ಅದು; ‘ಗ್ರೀನ್’ ಅಂದ್ರೆ ವಿಷದ ದ್ರಾವಕ ಕಡಿಮೆ ಬಳಸೋದು. ನಾನೂ ಇದೇ ಕರಿಬೇವು ಹಿಡಿದು, ‘ಹೊಸದೇನಾದ್ರೂ ಮಾಡಮ್ಮ’ ಅಂತ ಗೈಡ್ ಹತ್ರ ಹೇಳಿಸಿಕೊಂಡವಳೇ.

ಎಲೆ ರುಬ್ಬಿ, 10 ಗ್ರಾಂಗೆ 10 ಎಂಎಲ್ ಅಸಿಟೋನೈಟ್ರೈಲ್ ಹಾಕಿ, ಉಪ್ಪುಗಳನ್ನು ಸುರಿದು ಕುಲುಕಿದರೆ ಬರೋದು ಕಡುಹಸಿರು ರಸ. ಹಾಗೇ ಎಲ್‌ಸಿ-ಎಂಎಸ್‌ಗೆ (ಅಣುಗಳನ್ನು ಬೇರ್ಪಡಿಸಿ ಗುರುತಿಸೋ ಮೆಷೀನ್) ಬಿಟ್ರೆ ಮೆಷೀನ್ ಕೊಳೆಯಾಗುತ್ತೆ. ಸೀನಿಯರ್ ಒಬ್ಬರು ‘ಜಿಸಿಬಿ ಹಾಕು’ ಅಂದ್ರು, ಅಂದ್ರೆ ಗ್ರಾಫೈಟ್ ಮಾಡಿದ ಕಾರ್ಬನ್ ಪುಡಿ. ಹಾಕಿದೆ. ಹಸಿರು ತಿಳಿಯಾಯ್ತು. ಇನ್ನಷ್ಟು ಹಾಕಿದೆ, ಟ್ಯೂಬಿನಲ್ಲಿ ನೀರಿನಂಥ ರಸ! ಯಾವ ಸ್ಯಾಂಪಲ್‌ನಲ್ಲೂ ಕಾರ್ಬೆಂಡಜಿಮ್ (ಶಿಲೀಂಧ್ರನಾಶಕ) ಇಲ್ಲ. ‘ಶೇಷ ಪತ್ತೆಯಾಗಿಲ್ಲ’ ಅಂತ ಥೀಸಿಸ್‌ನಲ್ಲಿ ಬರೆದೂಬಿಟ್ಟೆ.

ಆಗಿದ್ದೇನು ಅಂದ್ರೆ, ಆ ಕಾರ್ಬನ್‌ನ ಪದರಗಳು ಚಪ್ಪಟೆ. ಚಪ್ಪಟೆ ಅಣು ಸಿಕ್ಕಿದರೆ ಎಳೆದು ಅಂಟಿಸಿಕೊಳ್ಳುತ್ತವೆ. ಕ್ಲೋರೋಫಿಲ್ ಹೋಗಿದ್ದು ಹಾಗೆ. ಕಾರ್ಬೆಂಡಜಿಮ್, ಥಯಾಬೆಂಡಜೋಲ್ ಕೂಡ ಅದರ ಹಿಂದೆಯೇ ಹೋದವು. ರಿಕವರಿ, ಅಂದ್ರೆ ಹಾಕಿದ್ದರಲ್ಲಿ ವಾಪಸ್ ಸಿಕ್ಕಿದ್ದೆಷ್ಟು ಅಂತ, ನೋಡಿರಲಿಲ್ವಾ? ನೋಡಿದ್ದೆ, ನೂರರ ಹತ್ತಿರವೇ ಇತ್ತು. ಯಾಕಂದ್ರೆ ಸ್ಪೈಕ್ (ಪರೀಕ್ಷೆಗಂತ ಅಳೆದು ಬೆರೆಸೋ ಕೀಟನಾಶಕ) ಹಾಕಿದ್ದೇ ಜಿಸಿಬಿ ಕ್ಲೀನಪ್ ಆದ ಮೇಲೆ! ಕಾರ್ಬನ್ ಮುಟ್ಟದ ಸ್ಪೈಕ್ ಕಳೆದುಹೋಗೋದಾದ್ರೂ ಎಲ್ಲಿ? ರುಬ್ಬಿದ ಎಲೆಗೇ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಮೊದಲಿಂದ ಎಲ್ಲ ಹಂತ ಮಾಡಬೇಕಿತ್ತು. ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ದು ಒಂದೇ ಪ್ರಶ್ನೆ: ‘ಸ್ಪೈಕ್ ಯಾವಾಗ ಹಾಕಿದ್ರಿ?’ ಒಂದು ಸೆಮಿಸ್ಟರ್ ಹೋಯ್ತು.

ಅದಕ್ಕೇ, ‘ಯಾವುದು ಹೆಚ್ಚು ಗ್ರೀನ್’ ಅನ್ನೋ ಪ್ರಶ್ನೆಯೇ ನನಗೆ ಹಿಡಿಸಲ್ಲ. ರಿಕವರಿ 70ರಿಂದ 120 ಪರ್ಸೆಂಟ್ ಒಳಗೆ ಬರದಿದ್ರೆ ಅಗ್ರೀಪ್ರೆಪ್ ಸ್ಕೋರ್ (ವಿಧಾನ ಎಷ್ಟು ಗ್ರೀನ್ ಅಂತ ಕೊಡೋ ಅಂಕ) ತಗೊಂಡು ಏನ್ಮಾಡ್ತೀರಿ? ದ್ರಾವಕದ ಸಣ್ಣ ಹನಿಗಳಲ್ಲಿ ಕೀಟನಾಶಕ ಹಿಡಿಯೋ ಡಿಎಲ್ಎಲ್ಎಂಇಯ ಶುರುವಿನ ವಿಧಾನಗಳಲ್ಲಿ ಇದ್ದದ್ದು ಕ್ಲೋರೋಬೆಂಜೀನ್, ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷದ ದ್ರಾವಕಗಳು. ಮೈಕ್ರೋಲೀಟರ್ ಅಳತೆ ಅಂದ ಮಾತ್ರಕ್ಕೆ ಅದು ಹಸಿರೇ? ಕ್ವೆಚರ್ಸ್ 2003ರದ್ದು, ನಿಜ. ಆದ್ರೆ ಡೈಕ್ಲೋರೋಮೀಥೇನ್ ಅನ್ನೋ ವಿಷದ ದ್ರಾವಕವನ್ನು ಲೋಟಗಟ್ಟಲೆ ಸುರಿಯೋದನ್ನ ತಪ್ಪಿಸಿದ್ದೂ ಅದೇ.

ಡೀಪ್ ಯುಟೆಕ್ಟಿಕ್ ದ್ರಾವಕದ (ಎರಡು ವಸ್ತು ಬೆರೆಸಿದಾಗ ಕಡಿಮೆ ತಾಪದಲ್ಲೇ ದ್ರವವಾಗೋ ಮಿಶ್ರಣ) ಆಸೆ ಇದ್ರೆ ಬಾವಿನೀರಿಗೆ ಇಟ್ಟುಕೊಳ್ಳಿ. ಕೋಲೀನ್ ಕ್ಲೋರೈಡ್ ಜಾತಿಯವು ನೀರಲ್ಲೇ ಬೆರೆತುಹೋಗ್ತವೆ. ಮೆಂಥಾಲ್ ಜೊತೆ ಡೆಕನೋಯಿಕ್ ಆಮ್ಲ ಸೇರಿಸಿದ್ದು ಬೇರೆ ಪದರವಾಗಿ ನಿಲ್ಲುತ್ತೆ. ಕಳೆನಾಶಕ ಗ್ಲೈಫೋಸೇಟ್ ಮಾತ್ರ ಇವುಗಳಲ್ಲೂ ಸಿಗಲ್ಲ, ಕ್ವೆಚರ್ಸ್‌ನಲ್ಲೂ ಸಿಗಲ್ಲ.

ಕರಿಬೇವಿಗೆ ಜಿಸಿಬಿ ಚಿಟಿಕೆಯಷ್ಟೇ ಸಾಕು, ರಸದಲ್ಲಿ ತೆಳು ಹಸಿರು ಉಳಿದರೆ ಉಳಿಯಲಿ. ಹೋಲಿಸಿ ಅಳೆಯೋ ಸ್ಟ್ಯಾಂಡರ್ಡ್‌ಗಳನ್ನೂ ಬ್ಲ್ಯಾಂಕ್, ಅಂದ್ರೆ ಕೀಟನಾಶಕವಿಲ್ಲದ, ಎಲೆಯ ರಸದಲ್ಲೇ ಮಾಡಿ. ಬ್ಲ್ಯಾಂಕ್‌ಗೆ ಮಾರ್ಕೆಟ್ ಸೊಪ್ಪು ಬೇಡ. ಔಷಧಿ ಹೊಡೆಯದ ಹಿತ್ತಲ ಗಿಡದ್ದು ತನ್ನಿ, ಅದನ್ನೂ ಮೊದಲು ಒಂದ್ಸಲ ರನ್ ಮಾಡಿ ನೋಡಿ. ಪಕ್ಕದ ಮನೆಯವರು ಗುಲಾಬಿಗೆ ಏನು ಹೊಡೆದಿರ್ತಾರೋ!